ಸೋಮವಾರ ಬೆಳಗ್ಗೆ 4:15ರ ಮೆಟ್ರೋ: ನನ್ನ ಭಾನುವಾರ ನನಗೆ ವಾಪಸ್ ಸಿಕ್ಕಿದ್ದು ಹೀಗೆ

ಇದು ನಮ್ಮ ಮೆಟ್ರೋದ ಪೂರ್ತಿ ರಿವ್ಯೂ ಅಲ್ಲ. ಸೋಮವಾರ ನಸುಕಿನಲ್ಲಿ ಓಡುವ ಮೊದಲ ರೈಲು, ನಾನು ಇಳಿಯುವ ನ್ಯಾಷನಲ್ ಕಾಲೇಜು ಸ್ಟೇಷನ್, ಆಮೇಲೆ ಶಂಕರಪುರದಲ್ಲಿ ತಿನ್ನುವ ಎರಡು ಇಡ್ಲಿ, ಇಷ್ಟರ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಭಾನುವಾರ ಸಂಜೆಯಾಗುತ್ತಿದ್ದಂತೆ ಹೊಟ್ಟೆ ಕಿವುಚಿದ ಹಾಗಾಗುವವರು ಬಹಳ ಜನ ಇದ್ದೀರಿ ಅಂತ ನನಗೆ ಗೊತ್ತು. ಅದರಲ್ಲೂ ಶನಿವಾರ ಊರಿಗೆ ಹೋಗಿ ಸೋಮವಾರ ಬೆಂಗಳೂರಿನಲ್ಲಿ ಕೆಲಸಕ್ಕೆ ಹಾಜರಾಗಬೇಕಾದವರು ಇದನ್ನು ಓದಲಿ ಅಂತ ನನ್ನ ಆಸೆ.

ನಮ್ಮ ಮನೆ ಶಿವಮೊಗ್ಗದಲ್ಲಿ, ವಿನೋಬನಗರದ ಕಡೆ. ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ಇರುವುದು ಬಸವನಗುಡಿಯ ಒಂದು ಪಿಜಿಯಲ್ಲಿ. ತಿಂಗಳಿಗೆ ಎರಡು ಸಲ ಊರಿಗೆ ಹೋಗಿ ಬರುತ್ತೇನೆ, ಆರು ವರ್ಷದಿಂದ. ಅದರಲ್ಲಿ ಸುಮಾರು ಐದು ವರ್ಷ ಭಾನುವಾರ ಅನ್ನುವ ದಿನವೇ ನನ್ನ ಪಾಲಿಗೆ ಇರಲಿಲ್ಲ.

ಯಾಕೆ ಅಂದರೆ, ರಾತ್ರಿ ಹತ್ತರೊಳಗೆ ಪಿಜಿ ಸೇರಬೇಕು ಅಂತ ಮಧ್ಯಾಹ್ನ ಎರಡಕ್ಕೇ ಬಸ್ಸು ಹತ್ತುತ್ತಿದ್ದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್, ಬಸ್ಸಿಗೆ ಆರೇಳು ಗಂಟೆ ಬೇಕು. ಭಾನುವಾರ ಸಂಜೆಯಂತೂ ರಾಜ್ಯದ ಅರ್ಧ ಜನ ಅದೇ ತುಮಕೂರು ರಸ್ತೆಯಲ್ಲಿ ವಾಪಸ್ ಬರುತ್ತಿರುತ್ತಾರೆ, ನೆಲಮಂಗಲ ದಾಟಿದ ಮೇಲೆ ಬಸ್ಸು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಎರಡಕ್ಕೆ ಬಸ್ಸು ಅಂದರೆ ಹನ್ನೆರಡಕ್ಕೇ ಬ್ಯಾಗು ಕಟ್ಟಬೇಕು. ಅಮ್ಮ ಕಡುಬು ಬಡಿಸುವಾಗ ನಾನು ಗಡಿಯಾರ ನೋಡುತ್ತಿದ್ದೆ. ಅಪ್ಪ ಪೇಪರ್ ಮಡಚಿಟ್ಟು ತೋಟದ ವಿಷಯ ಏನೋ ಹೇಳಿದರೆ ಹೂಂ ಅನ್ನುತ್ತಿದ್ದೆ, ಒಂದೂ ತಲೆಗೆ ಹೋಗುತ್ತಿರಲಿಲ್ಲ. ತಲೆಯಲ್ಲಿ ಆಗಲೇ ಸೋಮವಾರ ಹತ್ತು ಗಂಟೆಯ ಮೀಟಿಂಗ್ ಶುರುವಾಗಿಬಿಟ್ಟಿರುತ್ತಿತ್ತು. ಭದ್ರಾವತಿ ಬರುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ನನಗೆ ಕೆಲಸ ಇಷ್ಟವಿಲ್ಲ, ಅದಕ್ಕೇ ಹೀಗೆ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಆದರೆ ಸೋಮವಾರ ಹನ್ನೊಂದು ಗಂಟೆಗೆ ಸೀಟಿನಲ್ಲಿ ಕೂತು ಕೆಲಸ ಹಿಡಿದ ಮೇಲೆ ಏನೂ ಆಗುತ್ತಿರಲಿಲ್ಲ, ಮಂಗಳವಾರ, ಬುಧವಾರ ಆರಾಮಾಗಿ ಕಳೆಯುತ್ತಿದ್ದವು. ಹಾಗಾದರೆ ಹೆದರಿಕೆ ಕೆಲಸದ್ದಲ್ಲ, ಅಲ್ವಾ? ಈ ಪ್ರಶ್ನೆ ನನಗೆ ತುಂಬ ತಡವಾಗಿ ಹೊಳೆಯಿತು.

ರಾತ್ರಿ ಬಸ್ಸಿಗೆ ಯಾಕೆ ಬರುತ್ತಿರಲಿಲ್ಲ ಅಂತ ನೀವು ಕೇಳಬಹುದು. ಒಂದೆರಡು ಸಲ ಬಂದಿದ್ದೆ. ರಾತ್ರಿ ಹತ್ತಕ್ಕೆ ಶಿವಮೊಗ್ಗ ಬಿಟ್ಟ ಬಸ್ಸು ನಾಲ್ಕು, ನಾಲ್ಕೂವರೆಗೆ ಬೆಂಗಳೂರಿಗೆ ತಂದು ಬಿಡುತ್ತದೆ. ಆ ಹೊತ್ತಿನಲ್ಲಿ ಒಬ್ಬಳೇ ಬ್ಯಾಗು ಹಿಡಿದು ಮೆಜೆಸ್ಟಿಕ್‌ನಲ್ಲಿ ನಿಂತಿರುವುದು ಏನು ಅಂತ ನಿಂತವರಿಗೇ ಗೊತ್ತು. ಒಮ್ಮೆ ಒಬ್ಬ ಆಟೋದವರು ಬಸವನಗುಡಿಗೆ 400 ರೂಪಾಯಿ ಕೇಳಿದರು. ಇವತ್ತಿನ ಮೀಟರ್ ದರವನ್ನೇ ಹಿಡಿಯಿರಿ, ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18, ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು. 5 ಕಿಲೋಮೀಟರಿಗೆ 135 ರೂಪಾಯಿ ದಾಟುವುದಿಲ್ಲ. ಬೇಜಾರಾದದ್ದು ದುಡ್ಡಿಗಲ್ಲ. ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ವಾರದ ಮೊದಲ ಮಾತೇ ಜಗಳವಾಗುತ್ತದಲ್ಲ, ಅದಕ್ಕೆ. ಅವತ್ತಿನಿಂದ ರಾತ್ರಿ ಬಸ್ಸು ಬಿಟ್ಟೆ, ಮತ್ತೆ ಮಧ್ಯಾಹ್ನದ ಬಸ್ಸು ಹಿಡಿದೆ.

2025ರ ಜನವರಿ 13ರಿಂದ ನಮ್ಮ ಮೆಟ್ರೋ ಸೋಮವಾರದ ಸಮಯ ಬದಲಿಸಿತು. ಬೇರೆ ದಿನ ಮೊದಲ ರೈಲು ಬೆಳಗ್ಗೆ 5ಕ್ಕೆ, ಭಾನುವಾರ 7ಕ್ಕೆ, ಸೋಮವಾರ ಮಾತ್ರ 4:15ಕ್ಕೆ. ವಾರದ ಕೊನೆಗೆ ಊರಿಗೆ ಹೋಗಿ ರಾತ್ರಿ ಬಸ್ಸು, ರೈಲಿನಲ್ಲಿ ವಾಪಸ್ ಬರುವವರಿಗೆ ಅಂತಲೇ ಮಾಡಿದ್ದು. ಬರೀ 45 ನಿಮಿಷದ ವ್ಯತ್ಯಾಸ. ಕಾಗದದ ಮೇಲೆ ಏನೂ ಅನ್ನಿಸುವುದಿಲ್ಲ. ಆದರೆ ನಸುಕಿನ ನಾಲ್ಕೂ ಕಾಲಿಗೆ ಬಸ್ಸಿನಿಂದ ಇಳಿದು ಬ್ಯಾಗಿನ ಮೇಲೆ ಕೂತು ಮುಕ್ಕಾಲು ಗಂಟೆ ಕಾದಿದ್ದವರನ್ನು ಕೇಳಿ, ಅದು ಎಷ್ಟು ಉದ್ದ ಅಂತ ಅವರು ಹೇಳುತ್ತಾರೆ. ಯಾರೋ ಒಬ್ಬರು ಕೂತು ನಮ್ಮಂಥವರ ಬಗ್ಗೆ ಯೋಚನೆ ಮಾಡಿದ್ದಾರೆ ಅಂತ ಮೊದಲ ಸಲ ಹತ್ತಿದಾಗ ಅನ್ನಿಸಿತು, ಆ ಅನ್ನಿಸಿಕೆ ಇವತ್ತಿಗೂ ಹೋಗಿಲ್ಲ.

ಈಗ ಮತ್ತೆ ರಾತ್ರಿ ಬಸ್ಸಿಗೇ ಬರುತ್ತೇನೆ, ಆದರೆ ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲಿ ಹೋಗುವುದಿಲ್ಲ. ತುಮಕೂರು ರಸ್ತೆಯಿಂದ ಬರುವ ಬಸ್ಸು ಗೊರಗುಂಟೆಪಾಳ್ಯದಲ್ಲಿ ನಿಲ್ಲುತ್ತದೆ, ಅಲ್ಲೇ ಇಳಿದುಬಿಡುತ್ತೇನೆ. ಹಸಿರು ಮಾರ್ಗ ಈಗ ಮಾದಾವರದವರೆಗೆ ಇದೆ, 2024ರ ನವೆಂಬರ್‌ನಲ್ಲಿ ಅಷ್ಟು ದೂರ ವಿಸ್ತರಿಸಿದರು. ಹಾಗಾಗಿ ಹಾಸನ, ತುಮಕೂರು, ಚಿತ್ರದುರ್ಗದ ಕಡೆಯಿಂದ ಬರುವವರು ಊರಿನ ಬಾಗಿಲಲ್ಲೇ ಇಳಿದು ಮೆಟ್ರೋ ಹಿಡಿಯಬಹುದು. ಮೈಸೂರಿನ ಕಡೆಯವರಿಗೆ ಕೆಂಗೇರಿ ಇದ್ದೇ ಇದೆ, ಅದು ನೇರಳೆ ಮಾರ್ಗ.

ನಾಲ್ಕೂವರೆ ದಾಟಿದ ಮೇಲೆ ಗೊರಗುಂಟೆಪಾಳ್ಯಕ್ಕೆ ರೈಲು ಬರುತ್ತದೆ. ಒಳಗೆ ಬೆಳಕು, ಕೂರಲು ಸೀಟು. ಬೆಳಗ್ಗೆ ಒಂಬತ್ತರ ಮೆಟ್ರೋ ನೋಡಿದವರಿಗೆ ಇದು ಬೇರೆ ಯಾವುದೋ ಊರಿನ ಮೆಟ್ರೋ ಅನ್ನಿಸಬಹುದು. ಎಲ್ಲರ ಕಾಲಡಿಯಲ್ಲೂ ಒಂದೊಂದು ಚೀಲ. ಚೀಲ ನೋಡಿದರೆ ಊರು ಗೊತ್ತಾಗುತ್ತದೆ. ಒಬ್ಬರ ಬಳಿ ಬಾಳೆಗೊನೆಯ ಒಂದು ಚಿಪ್ಪು, ಇನ್ನೊಬ್ಬರ ಬಳಿ ಹಳೆ ಹಾರ್ಲಿಕ್ಸ್ ಬಾಟಲಿಯಲ್ಲಿ ತುಪ್ಪ, ಮತ್ತೊಬ್ಬರ ಬ್ಯಾಗಿನಿಂದ ಉಪ್ಪಿನಕಾಯಿ ವಾಸನೆ. ಯಾರೂ ಮಾತಾಡುವುದಿಲ್ಲ. ಆದರೆ ಭಾನುವಾರ ಸಂಜೆಯ ಬಸ್ಸಿನಲ್ಲಿ ನನಗೆ ಅನ್ನಿಸುತ್ತಿದ್ದ ಒಂಟಿತನ ಇಲ್ಲಿ ಇಲ್ಲ. ಇವರೆಲ್ಲ ನಿನ್ನೆ ರಾತ್ರಿ ಮನೆಯಲ್ಲಿ ಊಟ ಮಾಡಿ ಬಂದವರು, ನನ್ನ ಹಾಗೆಯೇ.

ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಹಾಲಕ್ಷ್ಮಿ, ರಾಜಾಜಿನಗರ, ಆಮೇಲೆ ಮಹಾಕವಿ ಕುವೆಂಪು ರಸ್ತೆ. ಈ ಸ್ಟೇಷನ್ ಹೆಸರು ಕೂಗಿದಾಗ ಶಿವಮೊಗ್ಗದವಳಾದ ನನಗೆ ಪ್ರತಿ ಸಲವೂ ಒಂಚೂರು ಖುಷಿಯಾಗುತ್ತದೆ, ನಮ್ಮ ಕಡೆಯವರು ಯಾರೋ ಬಂದು ಮಾತಾಡಿಸಿದ ಹಾಗೆ. ಮಂತ್ರಿ ಸ್ಕ್ವೇರ್ ಹತ್ತಿರ ರೈಲು ನೆಲದೊಳಗೆ ಇಳಿಯುತ್ತದೆ. ಮೆಜೆಸ್ಟಿಕ್‌ನಲ್ಲಿ ಅರ್ಧ ಡಬ್ಬಿ ಖಾಲಿಯಾಗಿ ಮತ್ತೆ ತುಂಬುತ್ತದೆ, ಬೈಯಪ್ಪನಹಳ್ಳಿ, ವೈಟ್‌ಫೀಲ್ಡ್ ಕಡೆಯವರು ಅಲ್ಲಿ ಬದಲಾಯಿಸಬೇಕು. ಕೃಷ್ಣರಾಜೇಂದ್ರ ಮಾರುಕಟ್ಟೆ ಸ್ಟೇಷನ್ ಬಂದಾಗ ನಾನು ಕಣ್ಣು ಬಿಟ್ಟು ಕೂರುತ್ತೇನೆ. ಅಲ್ಲಿ ಇಳಿಯುವವರಿಗೆ ಸೋಮವಾರವೂ ಒಂದೇ, ಭಾನುವಾರವೂ ಒಂದೇ. ಹೂವಿನ ವ್ಯಾಪಾರ ನಸುಕಿಗೇ ಶುರುವಾಗುವುದು, ತಡವಾದರೆ ಒಳ್ಳೆ ಮಾಲು ಸಿಗುವುದಿಲ್ಲ. ಒಮ್ಮೆ ಖಾಲಿ ಬುಟ್ಟಿ ಹಿಡಿದ ಒಬ್ಬ ಅಮ್ಮ ಪಕ್ಕದಲ್ಲಿ ಕೂತು, "ಮೊದಲು ಅಷ್ಟು ಹೊತ್ತಿಗೆ ಗೂಡ್ಸ್ ಆಟೋ ಬರೋ ತನಕ ಕಾಯ್ಬೇಕಿತ್ತು ಕಣಮ್ಮ, ಸೋಮವಾರ ಶಿವನ ಪೂಜೆಗೆ ಜನ ಬೇಗ ಬರ್ತಾರೆ" ಅಂದರು. ಈ ರೈಲು ನನ್ನಂಥವರಿಗೆ ಮಾತ್ರ ಅಂದುಕೊಂಡಿದ್ದೆ. ಅಲ್ಲ.

ದುಡ್ಡಿನ ವಿಷಯ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಜಾಸ್ತಿಯಾಯಿತು, ಕನಿಷ್ಠ 10, ಗರಿಷ್ಠ 60 ಇದ್ದದ್ದು 90. ಜನ ಬೇಜಾರು ಮಾಡಿಕೊಂಡದ್ದು ನ್ಯಾಯವೇ, ದಿನಾ ಓಡಾಡುವವರ ಜೇಬಿಗೆ ಅದು ಸಣ್ಣ ಹೊರೆಯಲ್ಲ. ಆಗಲೇ ಸ್ಮಾರ್ಟ್ ಕಾರ್ಡಿಗೆ ಒಂದು ರಿಯಾಯಿತಿಯನ್ನೂ ತಂದರು, ಬೆಳಗ್ಗೆ 8ರೊಳಗೆ ಹೋದರೆ ಶೇಕಡಾ 10, ದಟ್ಟಣೆಯ ಹೊತ್ತಿನಲ್ಲಿ ಶೇಕಡಾ 5. ನಸುಕಿನ ರೈಲಿಗೆ ಆ ಶೇಕಡಾ 10 ಪೂರ್ತಿ ಸಿಗುತ್ತದೆ. ಬಸ್ಸಿನ ಲೆಕ್ಕ ಹೇಳುವುದಾದರೆ, ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ. ಹೋಗುವಾಗ ನಾನು ಅದರಲ್ಲೇ ಹೋಗುತ್ತೇನೆ. ಬರುವಾಗ ಮಾತ್ರ ದುಡ್ಡು ಕೊಟ್ಟು ಸ್ಲೀಪರ್ ಹಿಡಿಯುತ್ತೇನೆ. ಇದರಲ್ಲಿ ಜಿಪುಣತನ ಮಾಡಬೇಡಿ ಅಂತ ಅನುಭವದಿಂದ ಹೇಳುತ್ತೇನೆ. ಆ ರಾತ್ರಿ ನಿದ್ದೆಯಾಗದಿದ್ದರೆ ಬೆಳಗ್ಗೆ ಯಾವ ರೈಲು ಬಂದರೂ ಉಪಯೋಗವಿಲ್ಲ.

ಐದರ ಸುಮಾರಿಗೆ ನ್ಯಾಷನಲ್ ಕಾಲೇಜಿನಲ್ಲಿ ಇಳಿಯುತ್ತೇನೆ. ಪಿಜಿಗೆ ಹತ್ತು ನಿಮಿಷದ ನಡಿಗೆ. ಫುಟ್‌ಪಾತಿನ ಮೇಲೆ ಹುಡುಗರು ಪೇಪರ್ ಜೋಡಿಸುತ್ತಿರುತ್ತಾರೆ, ನಂದಿನಿ ಬೂತಿನ ಮುಂದೆ ಹಾಲಿನ ಕ್ರೇಟುಗಳ ಸದ್ದು. ಮೊದಲ ಕೆಲವು ಸಲ ಭಯ ಇತ್ತು, ಈಗ ಇಲ್ಲ. ಹೋಗಿ ಒಂದೂವರೆ ಗಂಟೆ ಮಲಗಿ, ಬಿಸಿನೀರಿನ ಸ್ನಾನ ಮಾಡಿ, ಏಳೂವರೆಗೆ ಶಂಕರಪುರಕ್ಕೆ ಹೊರಡುತ್ತೇನೆ.

ಬ್ರಾಹ್ಮಿನ್ಸ್ ಕಾಫಿ ಬಾರ್ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ, 1965ರಿಂದ ಇದೆ, ಬೆಂಗಳೂರಿನ ಅರ್ಧ ಜನ ಅದರ ಬಗ್ಗೆ ಬರೆದಿದ್ದಾರೆ. ಶಂಕರ ಮಠದ ಹತ್ತಿರದ ಸಣ್ಣ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲ. ಚಟ್ನಿ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ನಿಂತುಕೊಂಡೇ ತಿನ್ನಬೇಕು, ಬೀದಿಯ ಕಡೆ ಮುಖ ಮಾಡಿ. ಇಡ್ಲಿ ಮೆತ್ತಗೆ, ಚಟ್ನಿ ನೀರಾಗಿ ಇಡ್ಲಿಯನ್ನು ಪೂರ್ತಿ ನೆನೆಸುತ್ತದೆ, ಆ ಚಟ್ನಿಯಲ್ಲಿ ವಡೆಯ ಅಂಚು ಗರಿಗರಿಯಾಗಿ ಇರುವಾಗಲೇ ಅದ್ದಿ ತಿಂದುಬಿಡಬೇಕು, ಐದು ನಿಮಿಷ ಬಿಟ್ಟರೆ ಬೇರೆ ರುಚಿ. ಈ ಜಾಗ ನನ್ನ ಸೋಮವಾರದ ಕಥೆಯಲ್ಲಿ ಬರುವುದು ರುಚಿಗಷ್ಟೇ ಅಲ್ಲ. ಅದಕ್ಕೆ ಭಾನುವಾರ ರಜೆ. ಶನಿವಾರ ನಾನು ಊರಿನಲ್ಲಿರುತ್ತೇನೆ, ಭಾನುವಾರ ಅವರು ಬಾಗಿಲು ಹಾಕಿರುತ್ತಾರೆ, ಸೋಮವಾರ ಇಬ್ಬರೂ ಒಟ್ಟಿಗೆ ಶುರು ಮಾಡುತ್ತೇವೆ. ಸೋಮವಾರ ಬಂದರೆ ಮಾತ್ರ ಸಿಗುವ ಒಂದು ವಸ್ತು ನನ್ನ ವಾರದಲ್ಲಿ ಮೊದಲು ಇರಲೇ ಇಲ್ಲ. ಈಗ ಇದೆ. ಭಾನುವಾರ ರಾತ್ರಿ ಸ್ಲೀಪರಿನಲ್ಲಿ ಮಲಗಿದಾಗ ಮೀಟಿಂಗ್ ನೆನಪಾದರೂ ಅದರ ಪಕ್ಕದಲ್ಲೇ ಈ ಚಟ್ನಿಯೂ ನೆನಪಾಗುತ್ತದೆ.

ಅಲ್ಲಿ ನಿಂತು ತಿನ್ನುವಾಗ ಒಂದು ದಿನ ಒಂದು ವಿಷಯ ತಲೆಗೆ ಬಂತು. ಈ ಸುತ್ತಮುತ್ತ ಒಬ್ಬೊಬ್ಬರಿಗೆ ವಾರದ ಒಂದೊಂದು ದಿನ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿಗೆ ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ. ಕ್ಷೌರದ ಅಂಗಡಿಗಳಿಗೆ ಮಂಗಳವಾರ. ನಮ್ಮ ಶಿವಮೊಗ್ಗದ ಕ್ಷೌರದಂಗಡಿಯವರಿಗೆ ಭಾನುವಾರವೇ ಅತಿ ಜಾಸ್ತಿ ಕೆಲಸ, ಮಂಗಳವಾರ ರಾತ್ರಿ ಅವರಿಗೂ ನಮ್ಮ ಭಾನುವಾರ ರಾತ್ರಿಯ ಹಾಗೆ ಆಗುತ್ತದೋ ಏನೋ. ಮುಂದಿನ ಸಲ ಅಪ್ಪನ ಜೊತೆ ಹೋದಾಗ ಕೇಳಬೇಕು. ಸೋಮವಾರ ಅನ್ನುವ ದಿನದಲ್ಲೇ ಏನೋ ಕೆಟ್ಟದ್ದಿದೆ ಅಂತ ನಾನು ಅಷ್ಟು ವರ್ಷ ನಂಬಿದ್ದೆನಲ್ಲ, ಆ ನಂಬಿಕೆ ಅವತ್ತು ಸಡಿಲವಾಯಿತು.

ಎಂಟೂ ಕಾಲಿಗೆ ಮತ್ತೆ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗ. ಇದು 2025ರ ಆಗಸ್ಟ್ 10ಕ್ಕೆ ಉದ್ಘಾಟನೆಯಾಗಿ ಮರುದಿನ ಜನರಿಗೆ ತೆರೆಯಿತು. ಆ ಮರುದಿನ ಸೋಮವಾರವೇ ಆಗಿತ್ತು! ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, 16 ಸ್ಟೇಷನ್. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು ಬರುತ್ತಿತ್ತು, ಆಮೇಲೆ ರೈಲು ಸೇರಿಸುತ್ತಾ ಬಂದರು. ಅದಕ್ಕೂ ಮೊದಲು ಸಿಲ್ಕ್ ಬೋರ್ಡ್ ದಾಟುವುದೇ ನನ್ನ ಸೋಮವಾರದ ಎರಡನೇ ಪರೀಕ್ಷೆಯಾಗಿತ್ತು. ಎಷ್ಟು ಹೊತ್ತಿಗೆ ತಲುಪುತ್ತೇನೆ ಅಂತ ಗೊತ್ತಿಲ್ಲದ ದಾರಿ ಎಂಥವರನ್ನೂ ಹಣ್ಣು ಮಾಡುತ್ತದೆ. ಈಗ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಎರಡಂತಸ್ತಿನ ಸೇತುವೆಯ ಮೇಲಿನ ಅಂತಸ್ತಿನಲ್ಲಿ ರೈಲು ಹೋಗುವಾಗ ಕೆಳಗೆ ಸಾಲಾಗಿ ನಿಂತ ಕಾರು, ಬಸ್ಸು ಕಾಣುತ್ತವೆ. ಹೋದ ವರ್ಷ ನಾನೂ ಅಲ್ಲೇ ಇದ್ದೆ. ಈ ಹೊತ್ತಿನ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ ಅಂತ ಎಣಿಸಬೇಡಿ, ನಿಂತೇ ಹೋಗಬೇಕು. ನನಗೆ ಅದು ದೊಡ್ಡದಲ್ಲ.

ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಇದಕ್ಕೆ ಮೆಟ್ರೋ ಬೇಕಿಲ್ಲ. ಶುಕ್ರವಾರ ಆಫೀಸು ಬಿಡುವ ಮೊದಲು ಒಂದು ಚೀಟಿಯಲ್ಲಿ ಸೋಮವಾರದ ಮೊದಲ ಕೆಲಸ ಬರೆದು ಕೀಬೋರ್ಡಿನ ಕೆಳಗೆ ಇಟ್ಟು ಬರುತ್ತೇನೆ. ಒಂದೇ ಕೆಲಸ, ಅದೂ ಇಪ್ಪತ್ತು ನಿಮಿಷದಲ್ಲಿ ಮುಗಿಯುವಂಥದ್ದು. ಮೊದಲು ಇಡೀ ವಾರದ ಕೆಲಸ ತಲೆಯಲ್ಲಿ ಹೊತ್ತು ಊರಿಗೆ ಹೋಗುತ್ತಿದ್ದೆ, ಅಮ್ಮನ ಕೈ ಕಡುಬಿಗೂ ಅದರ ರುಚಿಯೇ ಹತ್ತುತ್ತಿತ್ತು. ಈಗ ಅದು ಕೀಬೋರ್ಡಿನ ಕೆಳಗೆ ಇರುತ್ತದೆ.

ಯಾರಿಗೆ ಇದು ಆಗುವುದಿಲ್ಲ ಅಂತಲೂ ಹೇಳಬೇಕು. ಹೆಬ್ಬಾಳದ ಕಡೆ ಇರುವವರಿಗೆ ಇನ್ನೂ ಮೆಟ್ರೋ ತಲುಪಿಲ್ಲ, ಅವರಿಗೆ ಕೊನೆಯ ದಾರಿ ಹಾಗೇ ಉಳಿಯುತ್ತದೆ. ಬಸ್ಸಿನಲ್ಲಿ ನಿದ್ದೆಯೇ ಬಾರದವರು, ಬೆನ್ನು ನೋವಿನವರು ಪ್ರಯತ್ನಿಸಬೇಡಿ. ನಾನೂ ತಿಂಗಳಿಗೆ ಎರಡು ಸಲ ಮಾತ್ರ ಹೀಗೆ ಬರುತ್ತೇನೆ, ಅವತ್ತು ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ರಾತ್ರಿ ಒಂಬತ್ತಕ್ಕೇ ಮಲಗುತ್ತೇನೆ. ಇನ್ನು ಹೆದರಿಕೆಗೆ ಕಾರಣ ಆಫೀಸಿನಲ್ಲೇ ಇದ್ದರೆ ಬಸ್ಸು, ರೈಲು, ಇಡ್ಲಿ ಏನೂ ಮಾಡಲಾರವು. ಹಿಂದೆ ಒಂದು ಟೀಮಿನಲ್ಲಿ ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲರ ಎದುರು ಬೈಸಿಕೊಳ್ಳುತ್ತಿದ್ದೆ. ಆಗಿನ ನನ್ನ ಹೆದರಿಕೆ ಸರಿಯಾಗಿಯೇ ಇತ್ತು, ಟೀಮ್ ಬದಲಾಯಿಸಿಕೊಂಡ ಮೇಲೇ ಅದು ಹೋದದ್ದು. ವಾರಗಟ್ಟಲೆ ಭಾನುವಾರ ನಿದ್ದೆ ಬರದೆ, ಊಟ ಸೇರದೆ ಇದ್ದರೆ ಸುಮ್ನೆ ಸಹಿಸಬೇಡಿ. ಡಾಕ್ಟರ್ ಹತ್ತಿರ ಹೋಗಿ, ಇಲ್ಲವೇ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಸರ್ಕಾರದ್ದೇ ಸಹಾಯವಾಣಿ, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಂಕ ಕೊಡಬೇಕು ಅಂದರೆ, ಸೋಮವಾರದ ಮೊದಲ ರೈಲಿಗೆ ಐದಕ್ಕೆ ಐದು, ಯೋಚನೆ ಇಲ್ಲದೆ. ಇದನ್ನು ವಾರದ ಏಳೂ ದಿನ ಮಾಡಲಿ, ಹಬ್ಬದ ರಜೆ ಮುಗಿಸಿ ಬರುವ ದಿನವಂತೂ ಖಂಡಿತ ಮಾಡಲಿ ಅಂತ ನನ್ನ ಕೋರಿಕೆ. ಯುಗಾದಿ, ದೀಪಾವಳಿ ಮುಗಿಸಿ ಬರುವವರು ಸೋಮವಾರವೇ ಬರಬೇಕು ಅಂತೇನಿಲ್ಲವಲ್ಲ.

ನೀವು ಹೊಸಬರಾದರೆ ಕಾರ್ತಿಕ ಮಾಸದಲ್ಲಿ ಶುರು ಮಾಡಿ. ನಮ್ಮಲ್ಲಿ ಕಾರ್ತಿಕ ಸೋಮವಾರಕ್ಕೆ ಜನ ಕಾಯುತ್ತಾರೆ, ಉಪವಾಸ ಮಾಡುತ್ತಾರೆ, ದೀಪ ಹಚ್ಚುತ್ತಾರೆ. ಕಡೇ ಕಾರ್ತಿಕ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. 2025ರಲ್ಲಿ ಅದು ನವೆಂಬರ್ 17ಕ್ಕೆ ಬಂದಿತ್ತು, ನಾನು ಅವತ್ತೂ ಈ ರೈಲಿಗೇ ಬಂದಿದ್ದೆ. ಐದು ಗಂಟೆಯ ಚಳಿಯಲ್ಲಿ ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಕಡಲೆಕಾಯಿ ರಾಶಿ, ಅದರ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ ವ್ಯಾಪಾರಿಗಳು, ಒಬ್ಬರು ಆಗಲೇ ಎದ್ದು ಹುರಿಯಲು ಒಲೆ ಹಚ್ಚುತ್ತಿದ್ದರು. ಎರಡು ಸೇರು ಹಸಿಕಾಯಿ ತಗೊಂಡೆ. ಪಿಜಿಯಲ್ಲಿ ಉಪ್ಪು ಹಾಕಿ ಬೇಯಿಸಿ ಡಬ್ಬಿಗೆ ತುಂಬಿ ಆಫೀಸಿಗೆ ಒಯ್ದೆ. ಹತ್ತು ಗಂಟೆಯ ಮೀಟಿಂಗ್‌ನಲ್ಲಿ ಮೇಜಿನ ಮಧ್ಯ ಡಬ್ಬಿ ಇಟ್ಟೆ, ಎಲ್ಲರೂ ಸಿಪ್ಪೆ ಬಿಡಿಸುತ್ತಾ ಕೂತರು, ಮೀಟಿಂಗ್ ಮುಗಿದ ಮೇಲೂ ಯಾರೂ ಏಳಲಿಲ್ಲ.

ಮೊದಲೆಲ್ಲ ಅಮ್ಮ ಭಾನುವಾರ ರಾತ್ರಿ ಫೋನ್ ಮಾಡಿ "ಮುಟ್ಟಿದ್ಯಾ?" ಅಂತ ಕೇಳುತ್ತಿದ್ದರು. ಈಗ ಸೋಮವಾರ ಎಂಟಕ್ಕೆ ಮಾಡುತ್ತಾರೆ, ನಾನು ಶಂಕರಪುರದಲ್ಲಿ ಕಾಫಿ ಲೋಟ ಹಿಡಿದು ನಿಂತಿರುವಾಗ. "ವಡೆ ಸಿಕ್ತೇನೆ ಇವತ್ತು?" ಅಂತ ಕೇಳುತ್ತಾರೆ.